ಆರಿದ್ದ ಒಂದೇ ದೀಪ

"ಫ್ರೀಜರ್ ಹಿಂದೆ ಬಿದ್ದಿತ್ತು. ಇವತ್ತು ಬೆಳಿಗ್ಗೆ ಬ್ಲೂಬೆರಿ ತೆಗೆಯೋಕೆ ಹೋದಾಗ ಕಣ್ಣಿಗೆ ಬಿತ್ತು," ಎನ್ನುತ್ತ ಔನೆ ಕಂಗಾಸ್ ಗೋಡೆ ಕ್ಯಾಲೆಂಡರೊಂದನ್ನು ಅಡುಗೆಮನೆಯ ಮೇಜಿನ ಮೇಲಿಟ್ಟಳು.

ಶೆರೀಫ್ ಕಚೇರಿಯ ಡೆಪ್ಯುಟಿ, ಪತ್ತೇದಾರಿ ಹೆಲ್ಮಿ ರೌಟಿಯೊ ಕೈಗವಸು ಹಾಕಿಕೊಂಡ ಮೇಲೆಯೇ ಅದನ್ನು ಮುಟ್ಟಿದಳು. ಹಿಂದಿನ ಗುರುವಾರ ಇಬ್ಬರು ಪೇದೆಗಳ ಜೊತೆ ನಿಂತು ಆ ಫ್ರೀಜರನ್ನು ಅವಳೇ ಪಕ್ಕಕ್ಕೆ ಸರಿಸಿದ್ದಳು. ಹಿಂದೆ ಇದ್ದದ್ದು ಒಂದು ಇಲಿಬೋನು, ಒಂದಿಷ್ಟು ಧೂಳು. ಆ ಮಾತನ್ನು ಈಗ ಆಡಲಿಲ್ಲ. ನೆನಪಿಟ್ಟುಕೊಂಡಳು.

ಹನ್ನೊಂದು ದಿನದ ಹಿಂದೆ, ಫೆಬ್ರವರಿ ಏಳರ ಶನಿವಾರ, ಔನೆಯ ಅಣ್ಣ ತೊಯಿವೊ ಇದೇ ಮನೆಯ ನೆಲಮಾಳಿಗೆಯ ಮೆಟ್ಟಿಲ ಬುಡದಲ್ಲಿ ತಲೆಯೊಡೆದುಕೊಂಡು ಬಿದ್ದಿದ್ದ. ಆತನ ಕಂಪ್ಯೂಟರಿನ ಡಿಸ್ಕ್ ಕಾಣೆಯಾಗಿತ್ತು. ಮರುದಿನವೇ ಊರಿನ ಕಾಲೇಜಿನ ಗಣಿತ ಪ್ರಾಧ್ಯಾಪಕ ಆರಿನ್ ಟ್ರೆಂಬತ್, ಜಗತ್ತಿಗೆ ಗೊತ್ತಿರುವುದರಲ್ಲೇ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ತನಗೆ ಸಿಕ್ಕಿದೆ ಎಂದು, ಅಂಥ ಸಂಖ್ಯೆ ಹುಡುಕುವವರ ಕೂಟಕ್ಕೆ ಅರ್ಜಿ ಹಾಕಿದ್ದ. ಕೂಟ ಬರುವ ಶುಕ್ರವಾರ ಹೆಸರು ಘೋಷಿಸುವುದಿತ್ತು.

"ಇದರಲ್ಲಿ ಏನಾದ್ರೂ ಸಿಗುತ್ತಾ? ನಂಗಂತೂ ಅವನ ಗೀಚು ಒಂದೂ ಅರ್ಥ ಆಗಲ್ಲ." ಔನೆ ಕಾಫಿ ಸುರಿದಳು. ಅರವತ್ತಾರರ ಕೈ, ಆದರೆ ಒಂದು ತೊಟ್ಟೂ ಚೆಲ್ಲಲಿಲ್ಲ. "ನಂಗೆ ಬೇರೇನೂ ಬೇಡ ಹೆಲ್ಮಿ. ಅವನ ಹೆಸರು ಬರ್ಬೇಕು. ಶುಕ್ರವಾರ ಮಧ್ಯಾಹ್ನ ಆ ಪ್ರೊಫೆಸರ್ ಹೆಸರು ಹೇಳ್ಬಿಟ್ರೆ ಆಮೇಲೆ ಯಾರು ತಿದ್ತಾರೆ?"

"ಯಾರೂ ತಿದ್ದಲ್ಲ."

"ತೊಯಿವೊಗೆ ಎಚ್ಚರ ಆದ್ರೆ ನಾನು ಏನಂತ ಹೇಳ್ಲಿ? ಮೂವತ್ತು ವರ್ಷ ಹುಡುಕಿದೆ, ಸಿಕ್ತು, ಬೇರೆಯವರು ಎತ್ಕೊಂಡು ಹೋದ್ರು ಅಂತಲೇ?"

ಎಚ್ಚರವಾದರೆ ಎಂಬುದೇ ದೊಡ್ಡ ಮಾತಾಗಿತ್ತು. ಮಾರ್ಕೆಟ್ ಎಂಬ ಪಕ್ಕದ ಊರಿನ ಆಸ್ಪತ್ರೆಯ ವೈದ್ಯರು ಅದರ ಬಗ್ಗೆ ಹೂಂ ಎಂದಿರಲಿಲ್ಲ, ಉಹುಂ ಎಂದೂ ಇರಲಿಲ್ಲ. ಶೆರೀಫ್ ಮಾತ್ರ ಖಚಿತವಾಗಿದ್ದರು. ಎಪ್ಪತ್ತೊಂದು ವರ್ಷದ ಮುದುಕ, ಉಣ್ಣೆಯ ಕಾಲುಚೀಲ, ಮರದ ಮೆಟ್ಟಿಲು. "ಜಾರಿ ಬಿದ್ದ ಅಂತ ಬರಿ, ಶುಕ್ರವಾರ ಫೈಲು ಮುಚ್ಚು," ಎಂದಿದ್ದರು. ಹೆಲ್ಮಿ ಇನ್ನೂ ಬರೆದಿರಲಿಲ್ಲ. ತಾನೇ ಪರೀಕ್ಷಿಸದ ಪದವನ್ನು ಅವಳು ಇಪ್ಪತ್ತೆರಡು ವರ್ಷದಲ್ಲಿ ಯಾವ ಫೈಲಿನಲ್ಲೂ ಬರೆದಿರಲಿಲ್ಲ. ಈ ಶುಕ್ರವಾರ ಶುರುಮಾಡುವ ಉದ್ದೇಶವೂ ಇರಲಿಲ್ಲ.

"ಇನ್ನೊಂದು ಸಲ ಹೇಳಿ ಔನೆ. ಆ ಶನಿವಾರ ನೀವು ಎಲ್ಲಿದ್ರಿ?"

"ಎಷ್ಟು ಸಲ ಕೇಳ್ತೀಯೇ? ಚರ್ಚಿನ ಅಡುಗೆಮನೇಲಿ. ಹನ್ನೆರಡರಿಂದ ಐದು. ನಾನೂರು ಪ್ಯಾಸ್ಟಿ ಕಡುಬು ಮಡಚಿದೀವಿ. ರುಟಬೇಗ ಗೆಡ್ಡೆ ಹೆಚ್ಚೀ ಹೆಚ್ಚೀ ಕೈ ಬಿದ್ದೋಗಿತ್ತು."

"ಫೋನು?"

"ಏಪ್ರನ್ ಜೇಬಲ್ಲೇ ಇತ್ತು. ನೋಡು, ಹಿಟ್ಟು ಇನ್ನೂ ಹೋಗಿಲ್ಲ." ಕೆಂಪು ಕವಚದ ಫೋನನ್ನು ಎತ್ತಿ ತೋರಿಸಿದಳು. ಅಂಚಿನ ಸಂದಿಯಲ್ಲಿ ಬಿಳಿಯ ಗೆರೆ ಇತ್ತು, ನಿಜ.

ಹೆಲ್ಮಿಯ ನೋಟ ಸಿಂಕಿನ ಪಕ್ಕದ, ಪಾತ್ರೆ ಒಣಗಿಸುವ ತಂತಿಯ ತಟ್ಟೆಯ ಕಡೆ ಹೋಯಿತು. ಈಗ ಅಲ್ಲಿ ಏನೂ ಇರಲಿಲ್ಲ. ಆ ಶನಿವಾರ ಪೊಲೀಸರು ತೆಗೆದ ಫೋಟೋದಲ್ಲಿ ಅಲ್ಲಿ ಎರಡು ಕಪ್ಪುಗಳು ತೊಳೆದು ಬೋರಲಾಗಿ ಕೂತಿದ್ದವು. ತೊಯಿವೊ ತನ್ನ ಕಪ್ಪನ್ನು ತೊಳೆಯುವವನಲ್ಲ. ನಲ್ಲಿಯ ಕೆಳಗೊಮ್ಮೆ ಹಿಡಿದು ಮೊಳೆಗೆ ನೇತುಹಾಕುವವನು. ಅದನ್ನು ಹೇಳಿದ್ದೂ ಔನೆಯೇ, ಬೈಯುತ್ತ.

"ನಾನು ಕೆಳಗೆ ಹೋಗಿ ಒಂದು ಫೋನು ಮಾಡ್ತೀನಿ."

"ಕೋಟು ಹಾಕ್ಕೋ. ಆ ಯಂತ್ರ ನಿಂತ ಮೇಲೆ ಮನೆಯೇ ಐಸ್ ಪೆಟ್ಟಿಗೆ. ಈ ಮನೆಗೆ ಅದೇ ಒಲೆ ಆಗಿತ್ತು."

ನೆಲಮಾಳಿಗೆಯಲ್ಲಿ ಬಾಯಿಂದ ಬಂದ ಉಸಿರು ಕಾಣುತ್ತಿತ್ತು. ಅವಿಭಾಜ್ಯಗಳನ್ನು ಬೇಟೆಯಾಡುವವರು ಚಳಿಗಾಲದಲ್ಲಿ ಯಂತ್ರ ನಿಲ್ಲಿಸುವುದಿಲ್ಲ. ಲೆಕ್ಕ ಮಾಡುತ್ತ ಮಾಡುತ್ತ ಅದು ಕಾಯುತ್ತದೆ, ಆ ಬಿಸಿಗೆ ಮನೆ ಬೆಚ್ಚಗಿರುತ್ತದೆ. ತೊಯಿವೊ ತಾಮ್ರದ ಗಣಿಯಲ್ಲಿ ಪಂಪು ರಿಪೇರಿ ಮಾಡುತ್ತಿದ್ದವನು. ಗಣಿ ಮುಚ್ಚಿದ ಮೇಲೆ ಊರವರ ಮನೆಯ ಬಾಯ್ಲರುಗಳನ್ನು ನೋಡಿಕೊಂಡ, ಉಳಿದ ಹೊತ್ತನ್ನು ಈ ಕೋಣೆಗೆ ಕೊಟ್ಟ. ಗಣಿತವನ್ನು ಕಾಲೇಜಿನಲ್ಲಿ ಕಲಿತವನಲ್ಲ. ಪಂಪಿನ ಹಾಗೆ, ಬಿಚ್ಚಿ ಜೋಡಿಸಿ ಕಲಿತವನು.

ಹೆಲ್ಮಿ ಉಪ್ಪಿನಕಾಯಿ ಜಾಡಿಗಳ ಕಪಾಟಿನ ಮೇಲೆ ಕ್ಯಾಲೆಂಡರ್ ಹರಡಿದಳು. ಜನವರಿ ಮೂರರ ಮನೆಯಲ್ಲಿ ಪೆನ್ಸಿಲಿನಿಂದ 10 ಎಂದು ಬರೆದು ಸುತ್ತ ಗೆರೆ ಎಳೆದಿತ್ತು. ಫೆಬ್ರವರಿ ಏಳರ ಮನೆಯಲ್ಲಿ ಒಂದು ಸಾಲು ಪುಟ್ಟ ವೃತ್ತಗಳು. ಪ್ರತಿಯೊಂದಕ್ಕೂ ದೀಪಕ್ಕೆ ಎಳೆಯುವಂಥ ಕಿರಣಗಳು. ನಡುವಿನ ಒಂದೇ ಒಂದು ವೃತ್ತವನ್ನು ಕಪ್ಪಗೆ ತುಂಬಿತ್ತು.

ಹ್ಯಾಲಿಫ್ಯಾಕ್ಸಿನಲ್ಲಿ ಮಾರ್ಗಿಟ್ ಹ್ಯಾಲೊರನ್ ಎರಡನೆಯ ರಿಂಗಿಗೇ ಎತ್ತಿದಳು. ದೊಡ್ಡ ಅವಿಭಾಜ್ಯಗಳನ್ನು ಹುಡುಕುವ ಹವ್ಯಾಸಿಗಳ ಗುಂಪಿಗೆ ಏಣಿ ಕೂಟ ಎಂದು ಹೆಸರು. ಯಾರೇ ಸಂಖ್ಯೆ ಸಿಕ್ಕಿತೆಂದರೂ ಅದನ್ನು ಬೇರೊಂದು ಯಂತ್ರದಲ್ಲಿ, ಬೇರೊಂದು ಪ್ರೋಗ್ರಾಮಿನಲ್ಲಿ ಮೊದಲಿನಿಂದ ಲೆಕ್ಕ ಹಾಕಿ ನೋಡುವುದು ಮಾರ್ಗಿಟ್‌ಳ ಕೆಲಸ. ಅಲ್ಲಿಯವರೆಗೆ ಸಂಖ್ಯೆಯನ್ನು ಹೊರಗೆ ಯಾರೂ ಹೇಳುವಂತಿಲ್ಲ.

"ಲೆಕ್ಕ ಮುಗಿಯೋಕೆ ಇನ್ನೊಂದು ಗಂಟೆ, ಡೆಪ್ಯುಟಿ. ಒಂಬತ್ತು ದಿನದಿಂದ ಓಡ್ತಿದೆ, ಈಗ ಅವಸರ ಮಾಡಿದ್ರೆ ನನ್ನ ಮಾತು ಕೇಳುತ್ತಾ?"

"ಅವಸರ ಬೇಡ. ಅರ್ಥ ಮಾಡಿಸಿ, ಸಾಕು. ದೀಪ ಅಂದ್ರೆ ಏನು?"

ಆ ಕಡೆ ಕುರ್ಚಿ ಕಿರುಗುಟ್ಟಿತು. "ದೀಪದ ವಿಷಯ ನಿಮಗೆ ಯಾರು ಹೇಳಿದ್ರು?"

"ತೊಯಿವೊ ಬರೆದಿಟ್ಟಿದ್ದಾನೆ."

"ಓಹೋ. ಸರಿ. ನಿಮಗೆ ಏಳು ಗೊತ್ತಲ್ವಾ? ಸಂಖ್ಯೆ ಏಳು?"

"ಅಷ್ಟರವರೆಗೆ ಎಣಿಸ್ತೀನಿ, ಮೇಡಂ."

"ಯಂತ್ರದ ಒಳಗೆ ಸಂಖ್ಯೆ ಅಂದ್ರೆ ದೀಪಗಳ ಸಾಲು. ಏಳಕ್ಕೆ ಮೂರು ದೀಪ. ಮೊದಲನೇದರ ಬೆಲೆ ನಾಲ್ಕು, ಆಮೇಲಿಂದು ಎರಡು, ಕೊನೇದು ಒಂದು. ಮೂರೂ ಉರಿದ್ರೆ ಏಳು. ನಮ್ಮ ಹೊಸ ಸಂಖ್ಯೆನೂ ಅದೇ ಜಾತಿ. ಹದಿನೈದು ಕೋಟಿ ಹತ್ರ ಹತ್ರ ದೀಪ, ಒಂದೂ ಆರಿಲ್ಲ. ಕಾಗದದ ಮೇಲೆ ಬರೆದ್ರೆ ನಾಲ್ಕೂವರೆ ಕೋಟಿ ಅಂಕಿ."

ಹೆಲ್ಮಿ ಕಪಾಟಿನಿಂದ ಮೂರು ಜಾಡಿ ಮುಚ್ಚಳ ತೆಗೆದು ಸಾಲಾಗಿ ಇಟ್ಟಳು. ಹೊಳೆಯುವ ಮೈ ಮೇಲಿದ್ದರೆ ಉರಿಯುವ ದೀಪ.

"ಇಟ್ಟೆ. ಮುಂದೆ?"

"ಈಗ ಏಣಿ. ನಾಲ್ಕರಿಂದ ಶುರು. ಅದನ್ನ ಅದರಿಂದಲೇ ಗುಣಿಸಿ, ಎರಡು ಕಳೆದು, ಏಳರಿಂದ ಭಾಗಿಸಿ ಶೇಷ ಇಟ್ಕೊಳ್ಳಿ. ಅದೊಂದು ಮೆಟ್ಟಿಲು."

"ನಾಲ್ಕು ನಾಲ್ಕಲೆ ಹದಿನಾರು. ಎರಡು ಹೋದ್ರೆ ಹದಿನಾಲ್ಕು. ಶೇಷ ಸೊನ್ನೆ."

"ಸೊನ್ನೆಗೆ ಬಂದು ನಿಂತ್ರೆ ಸಂಖ್ಯೆ ಅವಿಭಾಜ್ಯ. ಏಳಕ್ಕೆ ಒಂದೇ ಮೆಟ್ಟಿಲು. ಇದಕ್ಕೆ ಹೆಚ್ಚುಕಮ್ಮಿ ದೀಪಗಳಷ್ಟೇ ಮೆಟ್ಟಿಲು. ಒಂದು ಮೆಟ್ಟಿಲಲ್ಲಿ ತಪ್ಪಿದ್ರೂ ಸೊನ್ನೆ ಕೈಗೆ ಸಿಗಲ್ಲ."

"ಸೊನ್ನೆಗೆ ಮುಂಚಿನ ಮೆಟ್ಟಿಲಲ್ಲಿ ಏನಿರುತ್ತೆ?"

"ಅಲ್ಲೇ ಮಜಾ ಇರೋದು. ಸಂಖ್ಯೆ ಅವಿಭಾಜ್ಯ ಆಗಿದ್ರೆ ಅಲ್ಲಿ ಎರಡೇ ಥರ. ಒಂದೇ ದೀಪ ಉರಿದು ಮಿಕ್ಕಿದ್ದೆಲ್ಲ ಆರಿರುತ್ತೆ. ಇಲ್ಲಾಂದ್ರೆ ಒಂದೇ ದೀಪ ಆರಿ ಮಿಕ್ಕಿದ್ದೆಲ್ಲ ಉರೀತಿರುತ್ತೆ. ನೀವು ನಾಲ್ಕರಿಂದ ಹೊರಟ್ರಿ. ನಾಲ್ಕು ಅಂದ್ರೆ?"

ಹೆಲ್ಮಿ ಎರಡು ಮುಚ್ಚಳಗಳನ್ನು ಬೋರಲು ಹಾಕಿದಳು. "ಮೊದಲನೇದು ಉರೀತಿದೆ. ಎರಡು ಆರಿವೆ."

"ದೊಡ್ಡ ಸಂಖ್ಯೆಗೆ ಎರಡರಲ್ಲಿ ಯಾವುದು ಬರುತ್ತೆ ಅಂತ ಏಣಿ ಪೂರ್ತಿ ಹತ್ತದೆ ಹೇಳೋ ದಾರಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಎಲ್ಲರ ಯಂತ್ರಾನೂ ಅಲ್ಲಿ ನಿಲ್ಲದೆ ಸೊನ್ನೆಗೆ ಹಾರಿಬಿಡುತ್ತೆ. ತೊಯಿವೊ ಮಾತ್ರ ಪ್ರತಿ ಸಲವೂ ಅಲ್ಲಿ ನಿಲ್ಲಿಸಿ, ಕಣ್ಣಾರೆ ನೋಡಿ, ಕೊನೇ ಮೆಟ್ಟಿಲನ್ನ ಕೈಯಾರೆ ಹತ್ತುತ್ತಿದ್ದ."

ಹಾಗಾದರೆ ಈ ಚಿತ್ರ ಅದೇ. ಶನಿವಾರ ತೊಯಿವೊ ಕೊನೆಯ ಮೆಟ್ಟಿಲಿಗೆ ಮುಂಚೆ ನಿಂತು ನೋಡಿದ್ದ. ಇಡೀ ಸಾಲು ಉರಿಯುತ್ತಿತ್ತು, ಒಂದು ಮಾತ್ರ ಆರಿತ್ತು. ಮೂವತ್ತು ವರ್ಷ ಹುಡುಕಿದ್ದು ಮುಂದಿನ ಮೆಟ್ಟಿಲಲ್ಲಿದೆ ಎಂದು ಆ ಕ್ಷಣ ಅವನಿಗೆ ಗೊತ್ತಾಗಿತ್ತು.

"ಮೇಡಂ, ಹತ್ತು ಅಂದ್ರೆ? ಜನವರಿ ಮೂರಕ್ಕೆ, ಲೆಕ್ಕ ಹೊರಟ ದಿನ, ಹತ್ತು ಅಂತ ಬರೆದು ಸುತ್ತು ಹಾಕಿದ್ದಾನೆ."

ಆ ಕಡೆ ಪೆನ್ನು ಮೇಜಿಗೆ ಬಿದ್ದ ಸದ್ದು. ಆಮೇಲೆ ಬಂದದ್ದು ನಗು.

"ಆ ಹಟಮಾರಿ! ನಂಗೆ ಒಂದು ಕಾಗದ ಬರೆದಿದ್ದ. 'ನೀವೆಲ್ಲ ನಾಲ್ಕರಿಂದಲೇ ಹತ್ತುತ್ತೀರಿ, ಆ ಏಣಿಯಲ್ಲಿ ಎಲ್ಲೋ ಹುಳುಕಿದ್ರೆ ಎಲ್ಲರೂ ಒಂದೇ ಗುಂಡಿಗೆ ಬೀಳ್ತೀರಿ, ನಾನು ಹತ್ತರಿಂದ ಹತ್ತುತ್ತೀನಿ' ಅಂತ. ಹತ್ತರಿಂದಲೂ ಹತ್ತಬಹುದು ಡೆಪ್ಯುಟಿ, ಸೊನ್ನೆ ಅದೇ ಸೊನ್ನೆ. ಆದ್ರೆ ಹಾಗೆ ಮಾಡೋರು ನಂಗೆ ಬೇರೆ ಯಾರೂ ಗೊತ್ತಿಲ್ಲ. ನೀವೇ ಮಾಡಿ ನೋಡಿ."

"ಹತ್ತನ್ನ ಏಳರಿಂದ ಭಾಗಿಸಿದ್ರೆ ಶೇಷ ಮೂರು. ಮೂರು ಮೂರ್ಲೆ ಒಂಬತ್ತು, ಎರಡು ಹೋದ್ರೆ ಏಳು. ಸೊನ್ನೆ." ಹೆಲ್ಮಿ ಮುಚ್ಚಳಗಳ ಕಡೆ ನೋಡಿದಳು. ಮೂರು ಎಂದರೆ ಎರಡು, ಒಂದು. ಕೊನೆಯ ಎರಡನ್ನು ಹೊಳೆಯುವ ಮೈಗೆ ತಿರುಗಿಸಿ ಮೊದಲನೆಯದನ್ನು ಬೋರಲು ಹಾಕಿದಳು. "ಒಂದು ಆರಿದೆ, ಎರಡು ಉರೀತಿವೆ. ಉಲ್ಟಾ ಆಯ್ತು!"

"ಎಲ್ಲಾ ಸಂಖ್ಯೆಗೂ ಉಲ್ಟಾ ಆಗಲ್ಲ. ತೀರಾ ಪುಟಾಣಿ ಒಂದೆರಡು ಬಿಟ್ರೆ, ದೀಪಗಳ ಲೆಕ್ಕವನ್ನ ಎಂಟರಿಂದ ಭಾಗಿಸಿದಾಗ ಶೇಷ ಒಂದೋ ಮೂರೋ ಬಂದ್ರೆ ಮಾತ್ರ. ಇದು ಸಾಬೀತಾಗಿರೋ ಮಾತು, ನನ್ನ ಊಹೆ ಅಲ್ಲ."

"ನಮ್ಮ ಸಂಖ್ಯೆಗೆ?"

ಕಾಗದದ ಮೇಲೆ ಪೆನ್ನು ಓಡಿದ ಸದ್ದು. "ಮೂರು."

ಹೆಲ್ಮಿ ಕ್ಯಾಲೆಂಡರಿನ ಕಪ್ಪು ವೃತ್ತದ ಮೇಲೆ ಬೆರಳಿಟ್ಟಳು.

"ಟ್ರೆಂಬತ್ ಅರ್ಜಿಯಲ್ಲಿ ಎಲ್ಲಿಂದ ಹತ್ತಿದ್ದು ಅಂತ ಇದೆಯಾ?"

"ಇದೆ. ಮಾಮೂಲಿ ಪ್ರೋಗ್ರಾಮು, ನಾಲ್ಕರಿಂದ. ಸಹಿ ಮಾಡಿದಾರೆ."

"ಹಾಗಿದ್ರೆ ನಾಲ್ಕರಿಂದ ನಿಜವಾಗಿ ಹತ್ತಿದವರು ಒಂದೇ ಉರೀತಿತ್ತು ಅನ್ನಬೇಕು. ತೊಯಿವೊ ಪರದೆ ನೋಡಿದವರು ಒಂದೇ ಆರಿತ್ತು ಅಂತಾರೆ."

"ಕಣ್ಣು ಮುಚ್ಚಿ ಊಹಿಸಿದವರೂ ಅರ್ಧ ಪಾಲು ಹಾಗೇ ಅಂತಾರೆ, ಡೆಪ್ಯುಟಿ."

"ಊಹಿಸೋರು ತಡವರಿಸ್ತಾರೆ. ನೋಡಿದವರು ತಡವರಿಸಲ್ಲ. ನಿಮ್ಮ ಯಂತ್ರವನ್ನ ಕೊನೇ ಮೆಟ್ಟಿಲಿಗೆ ಮುಂಚೆ ನಿಲ್ಲಿಸಿ. ನಾನೇ ಫೋನ್ ಮಾಡೋವರೆಗೆ ಯಾರಿಗೂ ಹೇಳಬೇಡಿ."

ಮೇಲೆ ಔನೆ ಕೋಟು ತೊಟ್ಟು ನಿಂತಿದ್ದಳು. ಕೈಯಲ್ಲಿ ಬಟ್ಟೆ ಸುತ್ತಿದ ನಿಸು ರೊಟ್ಟಿ. ಏಲಕ್ಕಿ ವಾಸನೆ ಬಾಗಿಲವರೆಗೂ ಬಂದಿತ್ತು.

"ಆಸ್ಪತ್ರೆ ಕಡೆ ಹೋಗ್ತೀಯಾ? ನರ್ಸುಗಳಿಗೆ ಕೊಡೋಣ ಅಂತ."

"ಹೋಗ್ತೀನಿ. ದಾರೀಲಿ ಕಾಲೇಜಲ್ಲಿ ಸ್ವಲ್ಪ ಹೊತ್ತು ಕೆಲಸ ಇದೆ. ನೀವು ಕಾರಲ್ಲೇ ಕೂತಿರಿ."

"ಅವನ ಮುಖ ನೋಡೋಕೂ ನಂಗಿಷ್ಟ ಇಲ್ಲ," ಎಂದಳು ಔನೆ. "ನೀನೇ ಮಾತಾಡು. ಬಿಡಬೇಡ."

"ಬಿಡಲ್ಲ."

ಟ್ರೆಂಬತ್‌ನ ಕೋಣೆ ಎರಡನೆಯ ಮಹಡಿಯಲ್ಲಿತ್ತು. ಕಿಟಕಿಯ ಕೆಳಗೆ ವಾಹನ ನಿಲ್ಲಿಸುವ ಜಾಗ, ಎರಡಾಳೆತ್ತರದ ಹಿಮದ ಗುಡ್ಡೆ, ಅದರ ಪಕ್ಕದಲ್ಲಿ ಹೆಲ್ಮಿಯ ಕಾರು. ನಲವತ್ತೆಂಟು ವರ್ಷದ ಆರಿನ್ ಟ್ರೆಂಬತ್ ಎದ್ದು ನಿಂತು ಕೈ ಕುಲುಕಿದ. ಇಸ್ತ್ರಿ ಮಾಡಿದ ಅಂಗಿ. ಶುಕ್ರವಾರ ಫೋಟೋ ತೆಗೆಯಲು ಬರುವವರಿಗಾಗಿ ಕಪ್ಪುಹಲಗೆಯನ್ನು ಆಗಲೇ ಒರೆಸಿಟ್ಟಿದ್ದ.

"ಮೂರನೇ ಸಲ ಬರ್ತಿದ್ದೀರಿ, ಡೆಪ್ಯುಟಿ. ನನ್ನ ತರಗತಿಗೇ ಸೇರಿಬಿಡಿ."

"ನಪಾಸಾದ್ರೆ ಶೆರೀಫ್ ಬೈತಾರೆ, ಪ್ರೊಫೆಸರ್. ಒಂದೆರಡು ಸಂಗತಿ ಗೊತ್ತಾಗಬೇಕಿತ್ತು. ನಿಮ್ಮ ಸಂಖ್ಯೆಯ ಬಗ್ಗೆ."

ಅವನ ಭುಜ ಸಡಿಲವಾಯಿತು. ಇಷ್ಟು ದಿನ ಅವಳು ಕೇಳಿದ್ದೆಲ್ಲ ಶನಿವಾರದ ಬಗ್ಗೆ.

"ಕೇಳಿ."

"ಕೊನೆಯ ಅಂಕಿ ಯಾವುದು?"

"ಏಳು. ಅದಕ್ಕೆ ಯಂತ್ರವೇ ಬೇಡ, ಎರಡರ ಘಾತಗಳು ಎರಡು, ನಾಲ್ಕು, ಎಂಟು, ಆರು ಅಂತ ಸುತ್ತುತ್ತಾ ಇರುತ್ತವೆ. ಈ ಜಾತಿಯ ದೊಡ್ಡ ಅವಿಭಾಜ್ಯ ಒಂದರಲ್ಲಿ ಮುಗೀಬೇಕು, ಇಲ್ಲ ಏಳರಲ್ಲಿ."

"ಇದನ್ನ ಯಾವುದೂ ಭಾಗಿಸಲ್ಲ ಅಂತ ಹೇಗೆ ಗೊತ್ತು? ನಾಲ್ಕೂವರೆ ಕೋಟಿ ಅಂಕಿ ಅಂತೀರಿ."

"ಒಳ್ಳೆ ಪ್ರಶ್ನೆ." ಅವನು ಸೀಮೆಸುಣ್ಣ ಎತ್ತಿಕೊಂಡ. "ಸಿಕ್ಕಿದ್ದರಿಂದೆಲ್ಲ ಭಾಗಿಸಬೇಕಿಲ್ಲ. ಇದಕ್ಕೆ ಭಾಜಕ ಅಂತ ಒಂದಿದ್ದರೆ, ಅದನ್ನ ದೀಪಗಳ ಲೆಕ್ಕದ ಎರಡರಷ್ಟರಿಂದ ಭಾಗಿಸಿದಾಗ ಶೇಷ ಒಂದೇ ಬರಬೇಕು. ಆ ಜರಡಿಯಲ್ಲೇ ಎಷ್ಟೋ ಸಂಖ್ಯೆಗಳು ಬಿದ್ದು ಹೋಗ್ತವೆ. ಉಳಿದದ್ದು ಏಣಿಗೆ."

ಹೇಳಿಕೊಡುವಾಗ ಅವನ ದನಿಯೇ ಬೇರೆ. ಮೇಷ್ಟ್ರಾಗಿ ಒಳ್ಳೆಯವನೇ ಇರಬೇಕು ಎಂದುಕೊಂಡಳು ಹೆಲ್ಮಿ. ಪುಸ್ತಕದಲ್ಲಿರುವ ಯಾವ ಪ್ರಶ್ನೆಗೂ ಇವನು ತಪ್ಪು ಹೇಳುವುದಿಲ್ಲ.

"ಏಣಿಯನ್ನ ನೀವು ಇದೇ ಯಂತ್ರದಲ್ಲಿ ಹತ್ತಿದ್ದು?"

"ಡಿಸೆಂಬರ್ ಕೊನೆಯಿಂದ. ಮಾಮೂಲಿ ಪ್ರೋಗ್ರಾಮು."

"ನಾಲ್ಕರಿಂದ."

"ನಾಲ್ಕರಿಂದಲೇ. ಎಲ್ಲರ ಹಾಗೆ. ಅರ್ಜಿಯಲ್ಲಿ ಬರೆದಿದ್ದೀನಲ್ಲ."

"ಬರೆದಿದ್ದೀರಿ." ಹೆಲ್ಮಿ ಅರ್ಜಿಯ ಪ್ರತಿಯನ್ನು ಮೇಜಿನ ಮೇಲಿಟ್ಟು, ಸಹಿಯ ಪಕ್ಕದಲ್ಲಿ ಬೆರಳಿಟ್ಟಳು. "ಇನ್ನೊಂದೇ ಪ್ರಶ್ನೆ. ನಂಗೆ ಇದು ಅರ್ಥವಾಗೋದಿಲ್ಲ, ಕೇಳು ಅಂತ ಹೇಳಿದ್ದಾರೆ, ಕೇಳ್ತಿದ್ದೀನಿ. ಸೊನ್ನೆಗೆ ಮುಂಚಿನ ಮೆಟ್ಟಿಲಲ್ಲಿ ಏನಿತ್ತು?"

ಟ್ರೆಂಬತ್‌ನ ಮುಖದಲ್ಲಿ ಮೊದಲ ಸಲ ನಿಜವಾದ ನಗು ಕಾಣಿಸಿತು. ಹನ್ನೊಂದು ದಿನದಿಂದ ಯಾರಾದರೂ ಇದನ್ನು ಕೇಳಲಿ ಎಂದು ಕಾದಿದ್ದವನ ನಗು.

"ಹ್ಯಾಲಿಫ್ಯಾಕ್ಸಿನ ಅಜ್ಜಿ ಹೇಳಿಕೊಟ್ಟಿದ್ದಾ? ಜಾಣೆ. ಏಣಿ ಹತ್ತದವನಿಗೆ ಅದು ಗೊತ್ತಿರೋಕೆ ಸಾಧ್ಯ ಇಲ್ಲ." ಅವನು ಹಲಗೆಯ ಕಡೆ ತಿರುಗಿ ಸರಸರನೆ ವೃತ್ತಗಳನ್ನು ಎಳೆದ. ನಡುವಿನ ಒಂದನ್ನು ಸೀಮೆಸುಣ್ಣದ ಮೈಯಿಂದ ಉಜ್ಜಿ ತುಂಬಿದ. "ಎಲ್ಲಾ ಉರೀತಿತ್ತು. ಇದೊಂದು ಆರಿತ್ತು."

"ಖಚಿತವಾಗಿ?"

"ಕಣ್ಣಾರೆ ನೋಡಿದ್ದೀನಿ."

"ಬರೆದು ಕೊಡ್ತೀರಾ?"

ಬರೆದು ಕೊಟ್ಟ. ಸಹಿ ಹಾಕಿದ, ತಾರೀಖು ಹಾಕಿದ. ಎಲ್ಲೂ ತಡವರಿಸಲಿಲ್ಲ.

ಹೆಲ್ಮಿ ತನ್ನ ಫೋನನ್ನು ಮೇಜಿನ ಮೇಲಿಟ್ಟು, ಇಬ್ಬರಿಗೂ ಕೇಳುವ ಹಾಗೆ ಹ್ಯಾಲಿಫ್ಯಾಕ್ಸಿಗೆ ಕರೆ ಹಚ್ಚಿದಳು.

"ಮೇಡಂ, ಮುಗೀತಾ?"

"ಈಗ ಹನ್ನೆರಡು ನಿಮಿಷ ಆಯ್ತು. ಕೊನೇ ಮೆಟ್ಟಿಲಿಗೆ ಮುಂಚೆ ನಿಲ್ಲಿಸಿದೀನಿ." ಮಾರ್ಗಿಟ್‌ಳ ದನಿ ತೆಳುವಾಗಿತ್ತು. "ನಾಲ್ಕರಿಂದ ಹತ್ತಿದ್ದು. ಒಂದೇ ದೀಪ ಉರೀತಿದೆ, ಡೆಪ್ಯುಟಿ. ಮಿಕ್ಕಿದ್ದೆಲ್ಲ ಆರಿವೆ."

"ಮುಂದಿನದು?"

"ಸೊನ್ನೆ. ಸಂಖ್ಯೆ ಅವಿಭಾಜ್ಯ. ಅದರಲ್ಲಿ ಅನುಮಾನವೇ ಬೇಡ."

ಹೆಲ್ಮಿ ಕರೆ ಮುಗಿಸಿದಳು. ಟ್ರೆಂಬತ್ ಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ಹಾಗೇ ನಿಂತಿದ್ದ.

"ಆ ಯಂತ್ರ ತಪ್ಪು ಮಾಡಿದೆ," ಎಂದ.

"ತಪ್ಪು ಮಾಡಿದ್ರೆ ಸೊನ್ನೆ ಕೈಗೆ ಸಿಗಲ್ಲವಂತೆ."

ಅವನು ಮತ್ತೆ ಅತ್ತ ತಿರುಗಿದ. ಕಣ್ಣು ಹಲಗೆಯ ಮೇಲಿನ ವೃತ್ತಗಳ ಮೇಲೆ ಓಡುತ್ತಿತ್ತು. ಕೆಲವೇ ಕ್ಷಣದಲ್ಲಿ ಅವನಿಗೆ ಹೊಳೆಯಿತು. ಹೊಳೆದದ್ದು ಹೆಲ್ಮಿಗೂ ಕಂಡಿತು.

"ಹತ್ತು," ಎಂದ ಅವನು, ತನಗೆ ತಾನೇ. "ಆ ಮುದುಕ ಹತ್ತರಿಂದ ಹತ್ತಿದ್ದ."

"ಎಲ್ಲರ ಹಾಗೆ ಅಲ್ಲ," ಎಂದಳು ಹೆಲ್ಮಿ. "ಈ ಆರಿದ ದೀಪ ಜಗತ್ತಿನಲ್ಲಿ ಒಂದೇ ಒಂದು ಪರದೆಯ ಮೇಲಿತ್ತು, ಪ್ರೊಫೆಸರ್. ಅದು ಇದ್ದದ್ದು ತೊಯಿವೊನ ನೆಲಮಾಳಿಗೆಯಲ್ಲಿ. ಅದನ್ನ ನೀವು ಕಣ್ಣಾರೆ ನೋಡಿದ್ದೀರಿ ಅಂತ ಈಗಷ್ಟೇ ಬರೆದುಕೊಟ್ರಿ. ಯಾವ ಹೊತ್ತಲ್ಲಿ ಅಲ್ಲಿದ್ರಿ?"

"ನಾನು ಅಲ್ಲಿರಲಿಲ್ಲ."

"ಕೂತ್ಕೊಳ್ಳಿ."

"ಇರಲಿಲ್ಲ! ಶನಿವಾರ ಇಡೀ ದಿನ ಇಲ್ಲೇ ಇದ್ದೆ. ಹೊಸ ವಿದ್ಯಾರ್ಥಿಗಳ ಅಪ್ಪ ಅಮ್ಮಂದಿರು ಬಂದಿದ್ದರು, ಬೆಳಿಗ್ಗೆಯಿಂದ ನಾಲ್ಕರವರೆಗೆ. ಅರವತ್ತು ಜನ ನೋಡಿದ್ದಾರೆ. ನೀವೇ ವಿಚಾರಿಸಿದ್ದೀರಿ."

ವಿಚಾರಿಸಿದ್ದಳು. ಆ ಅರವತ್ತು ಜನರೇ ಈ ಪ್ರಕರಣವನ್ನು ಇಷ್ಟು ದಿನ ಎಳೆದದ್ದು. ವೈದ್ಯರ ಲೆಕ್ಕದಲ್ಲಿ ತೊಯಿವೊ ಬಿದ್ದದ್ದು ಮೂರು ಗಂಟೆಯ ಆಸುಪಾಸು.

"ಹಾಗಿದ್ರೆ ಪರದೆ ಇಲ್ಲಿಗೇ ನಡಕೊಂಡು ಬಂತಾ?"

ಟ್ರೆಂಬತ್ ಕುರ್ಚಿಯಲ್ಲಿ ಕುಸಿದು ಕೂತ. ಜೇಬಿನಿಂದ ಫೋನು ತೆಗೆದು, ಹುಡುಕಿ, ಅವಳ ಕಡೆ ತಳ್ಳಿದ.

ಫೋಟೋ ಸ್ವಲ್ಪ ಓರೆಯಾಗಿತ್ತು. ಹಸಿರು ಅಕ್ಷರದ ಹಳೆಯ ಪರದೆ. ಮೇಲೆ ಒಂಬತ್ತು ಅಂಕಿಯ ಸಂಖ್ಯೆ, ಎಷ್ಟು ದೀಪ ಎಂಬುದು. ಕೆಳಗೆ: ಆರಿದ್ದು, ಒಂದು. ಚಿತ್ರದ ಅಂಚಿನಲ್ಲಿ ಕೀಲಿಮಣೆಯ ಮೇಲೆ ಒಂದು ಮುದಿ ಕೈ, ಪಕ್ಕದಲ್ಲಿ ಹಬೆಯಾಡುವ ಎರಡು ಕಪ್ಪು.

ಬಂದ ಹೊತ್ತು: ಫೆಬ್ರವರಿ ಏಳು, ಮಧ್ಯಾಹ್ನ ಎರಡು ನಲವತ್ತು.

ಹೆಲ್ಮಿ ಆ ಕೈಯನ್ನೇ ನೋಡಿದಳು. ಎರಡು ನಲವತ್ತಕ್ಕೆ ತೊಯಿವೊ ಎದ್ದು ಕೂತಿದ್ದ. ಬೆನ್ನ ಹಿಂದೆ ನಿಂತವರಿಗೆ ಕಾಫಿ ಕೊಡುವಷ್ಟು ನಂಬಿದ್ದ.

"ಯಾರು ಕಳಿಸಿದ್ದು?"

"ಗೊತ್ತಿಲ್ಲ. ಅಪರಿಚಿತ ನಂಬರು."

"ಅಪರಿಚಿತರು ಯಾರೋ ಜಗತ್ತಿನ ಅತಿ ದೊಡ್ಡ ಅವಿಭಾಜ್ಯವನ್ನ ನಿಮಗೆ ಉಡುಗೊರೆ ಕೊಟ್ರು. ನೀವು ಯಾಕೆ ಅಂತಲೂ ಕೇಳಲಿಲ್ಲ."

"ತಿರುಗಿ ಫೋನ್ ಮಾಡಿದೆ. ಎತ್ತಲಿಲ್ಲ. ನಾನು..." ಅವನು ಮುಖ ಒರೆಸಿಕೊಂಡ. "ಇಪ್ಪತ್ತು ವರ್ಷದಿಂದ ಹುಡುಕ್ತಿದ್ದೀನಿ, ಡೆಪ್ಯುಟಿ. ಸಂಖ್ಯೆ ಕಳ್ಳತನ ಮಾಡಿದೆ, ಒಪ್ಪಿಕೊಳ್ತೀನಿ. ನನ್ನ ಹೆಸರು ಹೊಡೆದುಹಾಕಿ. ಆದ್ರೆ ಆ ಮನೆಗೆ ನಾನು ಕಾಲಿಟ್ಟಿಲ್ಲ. ಆ ನಂಬರು ಯಾರದು ಅಂತ ದೇವರಾಣೆಗೂ ಗೊತ್ತಿಲ್ಲ."

ಹೆಲ್ಮಿ ನಂಬರನ್ನು ಎರಡು ಸಲ ಓದಿದಳು. ಈ ಪ್ರಕರಣದ ಎಲ್ಲರ ನಂಬರೂ ಅವಳಿಗೆ ಬಾಯಿಪಾಠ. ಇದು ಅವುಗಳಲ್ಲಿ ಇರಲಿಲ್ಲ.

ತೊಯಿವೊನ ಹೆಸರು ಇನ್ನು ಉಳಿಯುತ್ತದೆ; ಅಷ್ಟು ಗೆದ್ದಾಯಿತು. ಜಾರಿ ಬಿದ್ದ ಎಂಬ ಪದ ಮಾತ್ರ ಬಾಕಿ ಇತ್ತು.

ಮೇಜಿನ ಮೇಲೆ ಕಾಲೇಜಿನ ಫೋನಿತ್ತು. ಅವಳು ಅದನ್ನು ತನ್ನ ಕಡೆ ಎಳೆದುಕೊಂಡಳು.

"ಬೇಡ," ಎಂದ ಟ್ರೆಂಬತ್, ಥಟ್ಟನೆ.

ಅವಳು ತಲೆಯೆತ್ತಿ ಅವನನ್ನು ನೋಡಿದಳು. ಗೊತ್ತಿಲ್ಲದ ನಂಬರಿಗೆ ಕರೆ ಮಾಡಿದರೆ ಬೇಡವೆನ್ನಲು ಯಾರಿಗೂ ಕಾರಣವಿರುವುದಿಲ್ಲ. ಅವನ ಮೇಲಿನ ಕಣ್ಣು ಕೀಳದೆ ಒಂದೊಂದೇ ಅಂಕಿ ಒತ್ತಿ, ದನಿ ಕೋಣೆಗೆಲ್ಲ ಕೇಳುವ ಗುಂಡಿ ಅದುಮಿ, ಕಿಟಕಿಯ ಬಳಿ ಹೋಗಿ ನಿಂತಳು.

ಒಂದು ರಿಂಗು. ಎರಡು.

ಕೆಳಗೆ, ಕಾರಿನೊಳಗೆ, ಔನೆ ತೊಡೆಯ ಮೇಲಿದ್ದ ರೊಟ್ಟಿಯ ಗಂಟನ್ನು ಪಕ್ಕದ ಸೀಟಿಗೆ ಸರಿಸಿದಳು. ಕೆಂಪು ಕವಚದ ಫೋನು ಅವಳ ಮುಂದೆ, ಗಾಜಿನ ಕೆಳಗೆ ಕಾಣುವಂತೆಯೇ ಇತ್ತು. ಅವಳು ಅದನ್ನು ಮುಟ್ಟಲಿಲ್ಲ. ಬಗ್ಗಿ, ಬೂಟಿನೊಳಗೆ ಕೈ ಹಾಕಿ, ಮಡಚುವ ಸಣ್ಣ ಫೋನೊಂದನ್ನು ಹೊರತೆಗೆದಳು. ಅದರ ಮೇಲೆ ಕಂಡ ನಂಬರನ್ನು ಓದಿ, ಬಿಚ್ಚಿ, ಕಿವಿಗಿಟ್ಟುಕೊಂಡಳು.

ಹೆಲ್ಮಿಯ ಬೆನ್ನ ಹಿಂದೆ, ಮೇಜಿನ ಮೇಲಿಂದ, ಆ ಪರಿಚಿತ ದನಿ ಬಂತು.

"ಏನು ಆರಿನ್, ಅವಳು ಹೋದ್ಲಾ?"